ಪ್ರವಾಸಕಥನ ಮತ್ತು ದೇಶದರ್ಶನ

ನಮ್ಮ ದೇಶವನ್ನು ನಾವು ಮೊದಲು ಕಾಣುವುದು ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ. ಅಲ್ಲಿ ನದಿಗಳು ನೀಲಿ ಗೆರೆಗಳಾಗಿಯೂ ಊರುಗಳು ಕಪ್ಪು ಚುಕ್ಕೆಗಳಾಗಿಯೂ ತೋರುತ್ತವೆ. ಆ ಚುಕ್ಕೆಗಳಲ್ಲಿ ಬಾಳುವ ಜನರು ಏನನ್ನು ಉಣ್ಣುತ್ತಾರೆ, ಬಾಗಿಲಿಗೆ ಬಂದ ಅಪರಿಚಿತನನ್ನು ಹೇಗೆ ಮಾತನಾಡಿಸುತ್ತಾರೆ, ಯಾವುದಕ್ಕೆ ಅಂಜುತ್ತಾರೆ ಎಂಬುದನ್ನು ಭೂಪಟ ತಿಳಿಸಲಾರದು. ಇತಿಹಾಸದ ಪುಸ್ತಕವೂ ಅನೇಕ ವೇಳೆ ಅರಸರನ್ನೂ ಯುದ್ಧಗಳನ್ನೂ ಹೇಳಿ ಮುಂದೆ ಸಾಗುತ್ತದೆ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವುದು ಪ್ರವಾಸಕಥನ. ಪ್ರವಾಸಿಗೆ ಹಸಿವುಂಟು, ದಣಿವುಂಟು. ಇರುಳು ತಂಗಲು ಎಡೆ ಬೇಕು. ಇವುಗಳಿಗಾಗಿ ಅವನು ಗುರುತು ಪರಿಚಯವಿಲ್ಲದ ಜನರನ್ನು ಆಶ್ರಯಿಸಲೇಬೇಕು. ಆದುದರಿಂದಲೇ ಅವನ ಬರಹದಲ್ಲಿ ದೇಶವು ಜನರ ಮೂಲಕ ನಮಗೆ ಎದುರಾಗುತ್ತದೆ.

ಕನ್ನಡದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯನ್ನು ಕಾಣದವರಿಗೂ ಅದನ್ನು ಹತ್ತಿರಕ್ಕೆ ತಂದ ಕೃತಿ. ಬಾಲ್ಯದ ಕೆಲಕಾಲವನ್ನು ಕಾರವಾರದಲ್ಲಿ ಕಳೆದ ಕಾಕಾ ಕಾಲೇಲ್ಕರರು ಮರಾಠಿ ಮನೆಮಾತಿನವರಾಗಿದ್ದೂ ತಮ್ಮ ಹಿಮಾಲಯ ಯಾತ್ರೆಯನ್ನು ಗುಜರಾತಿಯಲ್ಲಿ ಬರೆದರು. ಇವರು ನೋಡಬೇಕೆಂದೇ ಹೊರಟವರು. ದೇಶವನ್ನು ನೋಡುವ ಉದ್ದೇಶವೇ ಇಲ್ಲದೆ ಹೊರಟು, ಯಾರೂ ಬಯಸದ ನೋಟಗಳನ್ನು ಕಂಡು ಬಂದ ಬಡ ಪುರೋಹಿತರೊಬ್ಬರ ಕಥನ ಇವುಗಳಿಗಿಂತಲೂ ಹಳೆಯದು. ಅದು ವಿಷ್ಣುಭಟ್ಟ ಗೋಡಸೆಯವರ ‘ಮಾಝಾ ಪ್ರವಾಸ’ ಎಂಬ ಮರಾಠಿ ಗ್ರಂಥ.

ಗೋಡಸೆಯವರು ಕೊಂಕಣದ ವರಸಯಿ ಗ್ರಾಮದವರು. ಮನೆಯಲ್ಲಿ ಸಾಲ ಬೆಳೆದಿತ್ತು. ಗ್ವಾಲಿಯರಿನ ಬೈಜಾಬಾಯಿ ಶಿಂದೆಯವರು ಮಥುರೆಯಲ್ಲಿ ಮಹಾಯಜ್ಞವೊಂದನ್ನು ಮಾಡಿಸುವರೆಂಬ ಸುದ್ದಿ ಕಿವಿಗೆ ಬಿದ್ದಿತು. ದಕ್ಷಿಣೆ ದೊರೆತರೆ ಸಾಲ ತೀರೀತೆಂದು 1857ರಲ್ಲಿ ಅವರು ಚಿಕ್ಕಪ್ಪನೊಡನೆ ಉತ್ತರಕ್ಕೆ ಹೊರಟರು. ದಾರಿಯಲ್ಲಿ ಸಿಪಾಯಿಗಳ ಬಾಯಿಂದಲೇ ದಂಗೆಯ ವಾರ್ತೆ ತಿಳಿಯಿತು. ಹಿಂದಿರುಗಿದ್ದರೆ ನಮಗೆ ಈ ಗ್ರಂಥವಿರುತ್ತಿರಲಿಲ್ಲ. ಅವರು ಮುಂದೆ ನಡೆದು ಕೊನೆಗೆ ಝಾನ್ಸಿಯನ್ನು ಸೇರಿದರು.

1858ರ ಮಾರ್ಚ್ ತಿಂಗಳಲ್ಲಿ ಹ್ಯೂ ರೋಸನ ಸೈನ್ಯವು ಝಾನ್ಸಿಯನ್ನು ಮುತ್ತಿದಾಗ ಗೋಡಸೆಯವರು ಕೋಟೆಯೊಳಗಿನ ಊರಿನಲ್ಲಿಯೇ ಇದ್ದರು. ಊರು ವೈರಿಗಳ ವಶವಾದ ಮೇಲೆ ನಡೆದ ಕೊಲೆಯನ್ನೂ ಸುಲಿಗೆಯನ್ನೂ ಅವರು ಅಡಗಿ ಕುಳಿತು ಕಂಡರು. ಮೊದಲು ಬೆಳ್ಳಿಬಂಗಾರ ಹೋಯಿತು. ಅನಂತರ ತಾಮ್ರ ಹಿತ್ತಾಳೆಯ ಪಾತ್ರೆಗಳು. ಆಮೇಲೆ ಬಟ್ಟೆಬರೆ, ಕಾಳುಕಡ್ಡಿ. ಅರಮನೆಯ ಪುಸ್ತಕ ಭಂಡಾರ ಹಾಳಾದುದಕ್ಕೆ ಅವರು ಮರುಗುತ್ತಾರೆ. ಸೇನಾಪತಿಗಳ ವರದಿಗಳಲ್ಲಿ ಒಂದು ಜಯವಾಗಿ ಕಾಣುವ ದಿನಗಳು ಇಲ್ಲಿ ಅಡುಗೆಯ ಪಾತ್ರೆಯನ್ನೂ ಕಳೆದುಕೊಂಡ ಮನೆಗಳಾಗಿ ಕಾಣುತ್ತವೆ.

ಝಾನ್ಸಿಯಿಂದ ಹೊರಬಿದ್ದ ಬಳಿಕ ಕಾಲ್ಪಿಯ ದಾರಿಯಲ್ಲಿ, ಒಂದು ಬಾವಿಯ ಬಳಿ, ಅವರು ಮತ್ತೊಮ್ಮೆ ರಾಣಿ ಲಕ್ಷ್ಮೀಬಾಯಿಯವರನ್ನು ಕಂಡರು. ರಾಣಿಯವರು ಪ್ರಯಾಣದಿಂದ ಬಳಲಿದ್ದರು, ಬಾಯಾರಿದ್ದರು. ಗೋಡಸೆಯವರು ನೀರು ಸೇದಿಕೊಡಲು ಮುಂದಾದರು. ವಿದ್ವಾಂಸರಾದ ಬ್ರಾಹ್ಮಣರು ತಮಗಾಗಿ ನೀರು ಸೇದುವುದು ಬೇಡವೆಂದು ತಡೆದು, ರಾಣಿಯವರು ತಾವೇ ಸೇದಿ ಬೊಗಸೆಯಲ್ಲಿ ಕುಡಿದರು. ಕುದುರೆಯ ಮೇಲೆ ಖಡ್ಗ ಹಿರಿದು ನಿಂತ ರಾಣಿಯ ಚಿತ್ರವನ್ನು ನಾವೆಲ್ಲರೂ ಬಲ್ಲೆವು. ರಾಜ್ಯ ಕಳೆದುಕೊಂಡು, ಹಗ್ಗ ಹಿಡಿದು ಬಾವಿಕಟ್ಟೆಯಲ್ಲಿ ನಿಂತ ರಾಣಿ ನಮಗೆ ಇನ್ನಷ್ಟು ಹತ್ತಿರದವರು ಎಂದು ನನಗೆ ತೋರುತ್ತದೆ.

ಆದರೆ ಈ ಬರಹವನ್ನು ಎಚ್ಚರದಿಂದ ಓದಬೇಕು. ಗೋಡಸೆಯವರು ಇದನ್ನು ಬರೆದುದು ಸುಮಾರು ಇಪ್ಪತ್ತೈದು ವರ್ಷಗಳ ಅನಂತರ, ನೆನಪಿನಿಂದ. ಕಣ್ಣಾರೆ ಕಂಡುದರ ಜೊತೆಗೆ ಸಂತೆಯಲ್ಲಿ ಕೇಳಿದ ವದಂತಿಯೂ ಸೇರಿಕೊಂಡಿದೆ. ಆದರೂ ಯಾವ ವದಂತಿಯನ್ನು ಜನರು ಅಂದು ನಂಬಿದರು ಎಂಬುದು ಕೂಡ ಆ ಜನರ ಮನಸ್ಸನ್ನು ತಿಳಿಸುತ್ತದೆಯಷ್ಟೆ. ಸರಕಾರದ ಭಯದಿಂದ ಹಸ್ತಪ್ರತಿ ಬಹುಕಾಲ ಅಚ್ಚಾಗದೆ ಉಳಿಯಿತು. ಚಿಂತಾಮಣ ವಿನಾಯಕ ವೈದ್ಯರು 1907ರಲ್ಲಿ ಅದನ್ನು ತಿದ್ದಿ ಪ್ರಕಟಿಸಿದರು. ದತ್ತೋ ವಾಮನ ಪೋತದಾರರು ಮೂಲ ರೂಪವನ್ನು 1966ರಲ್ಲಿ ಹೊರತಂದರು.

ಗೋಡಸೆಯವರು ಮನೆಗೆ ಮರಳುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಗಳಿಸಿದ ದಕ್ಷಿಣೆಯಲ್ಲಿ ಬಹುಭಾಗ ಸುಲಿಗೆಯಲ್ಲಿ ಹೋಗಿತ್ತು. ತಂದೆತಾಯಿಗಳಿಗೆಂದು ಕಾವಡಿಯಲ್ಲಿ ಹೊತ್ತುತಂದ ಗಂಗೋದಕ ಮಾತ್ರ ಅವರ ಹೆಗಲ ಮೇಲಿತ್ತು.