‘ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ನಂಬರ್ 1’: ಈ ಫಾರ್ವರ್ಡ್ ಎಷ್ಟು ನಿಜ?

‘ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ್ದು ಕೇಟ್ಲಿನ್ ಕ್ಲಾರ್ಕ್. ಗಂಡಸರನ್ನೂ ಹಿಂದಿಕ್ಕಿದ ಹುಡುಗಿ!’ ಇಂಥ ಸಾಲಿರುವ ಪೋಸ್ಟರ್ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ‘ಇದೆಲ್ಲ ಸುಳ್ಳು, ಪೀಟ್ ಮರಾವಿಚ್ ಬರೀ 83 ಪಂದ್ಯಗಳಲ್ಲಿ ಅಷ್ಟು ಪಾಯಿಂಟ್ ಗಳಿಸಿದ್ದ’ ಎಂಬ ಉತ್ತರವೂ ಬರುತ್ತದೆ. ಆಮೇಲೆ ಗ್ರೂಪಿನಲ್ಲಿ ಜಗಳ ಶುರು.

ಎರಡೂ ಕಡೆಯವರು ಹೇಳುವ ಅಂಕಿಗಳು ಸರಿಯಾಗಿಯೇ ಇವೆ. ತಪ್ಪು ಇರುವುದು ಅವುಗಳನ್ನು ಹೋಲಿಸುವ ರೀತಿಯಲ್ಲಿ. ಹಾಗಾಗಿ ಇಂಥ ರ‍್ಯಾಂಕಿಂಗ್ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಮೊದಲು ಅಂಕಿಗಳು

ಅಯೋವಾ ವಿಶ್ವವಿದ್ಯಾಲಯದ ಕ್ಲಾರ್ಕ್ ನಾಲ್ಕು ಸೀಸನ್‌ಗಳಲ್ಲಿ 139 ಪಂದ್ಯ ಆಡಿ 3,951 ಪಾಯಿಂಟ್ ಗಳಿಸಿದರು. ಪಂದ್ಯಕ್ಕೆ ಸರಾಸರಿ 28.4. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಮರಾವಿಚ್ 1967ರಿಂದ 1970ರವರೆಗೆ ಮೂರು ಸೀಸನ್‌ಗಳಲ್ಲಿ 83 ಪಂದ್ಯ ಆಡಿ 3,667 ಪಾಯಿಂಟ್ ಗಳಿಸಿದ್ದರು. ಪಂದ್ಯಕ್ಕೆ ಸರಾಸರಿ 44.2. ಮಾರ್ಚ್ 3, 2024ರಂದು ಕ್ಲಾರ್ಕ್ ಈ 3,667 ಅನ್ನು ದಾಟಿದರು.

ಅಂದರೆ ಒಟ್ಟು ಪಾಯಿಂಟ್‌ನಲ್ಲಿ ಕ್ಲಾರ್ಕ್ ಮುಂದೆ, ಸರಾಸರಿಯಲ್ಲಿ ಮರಾವಿಚ್ ಮುಂದೆ. ನಮಗೆ ಕ್ರಿಕೆಟ್‌ನಲ್ಲಿ ಇದು ಗೊತ್ತಿರುವ ವಿಷಯವೇ. ಟೆಸ್ಟ್‌ನಲ್ಲಿ ಹೆಚ್ಚು ರನ್ ಸಚಿನ್ ತೆಂಡೂಲ್ಕರ್ ಅವರದ್ದು, ಹೆಚ್ಚು ಸರಾಸರಿ ಬ್ರ್ಯಾಡ್‌ಮನ್ ಅವರದ್ದು. ಒಂದು ಪಟ್ಟಿ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

2023ರಲ್ಲಿ ಡೆಟ್ರಾಯಿಟ್ ಮರ್ಸಿಯ ಆಂಟ್ವಾನ್ ಡೇವಿಸ್ 3,664 ಪಾಯಿಂಟ್‌ಗೆ ನಿಂತರು. ಮರಾವಿಚ್‌ಗಿಂತ ಬರೀ 3 ಕಡಿಮೆ. ಆದರೆ ಅವರು ಆಡಿದ್ದು ಐದು ಸೀಸನ್, 144 ಪಂದ್ಯ.

ನಿಯಮ ಬದಲಾದರೆ ಅಂಕಿಯೂ ಬದಲು

ಹಾಗಾದರೆ ಮರಾವಿಚ್ ನಾಲ್ಕನೇ ಸೀಸನ್ ಏಕೆ ಆಡಲಿಲ್ಲ? ಆಗ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಾಲೇಜಿನ ಮುಖ್ಯ ತಂಡದಲ್ಲಿ ಅವಕಾಶವೇ ಇರಲಿಲ್ಲ. ಹೊಸಬರ ತಂಡದಲ್ಲಿ ಅವರು 17 ಪಂದ್ಯಗಳಲ್ಲಿ 741 ಪಾಯಿಂಟ್ ಗಳಿಸಿದರು. ಅದು ದಾಖಲೆಗೆ ಸೇರಲಿಲ್ಲ. 1972–73ರಿಂದ ಈ ನಿರ್ಬಂಧ ಹೋಯಿತು.

ದೂರದಿಂದ ಎಸೆದು ಬುಟ್ಟಿಗೆ ಹಾಕಿದರೆ 3 ಪಾಯಿಂಟ್ ಕೊಡುವ ಗೆರೆಯೂ ಆಗ ಇರಲಿಲ್ಲ. ಅದು ಎಲ್ಲ ಪುರುಷರ ಕಾಲೇಜು ಪಂದ್ಯಗಳಿಗೆ ಬಂದದ್ದು 1986–87ರಲ್ಲಿ. ಕ್ಲಾರ್ಕ್ ಅಂಥ 548 ಬುಟ್ಟಿ ಹಾಕಿದ್ದಾರೆ, ಡೇವಿಸ್ 588. ಮರಾವಿಚ್ ಎಷ್ಟೇ ದೂರದಿಂದ ಹಾಕಿದರೂ ಸಿಕ್ಕಿದ್ದು 2 ಪಾಯಿಂಟ್ ಮಾತ್ರ.

ಇದೆಲ್ಲ ಮರಾವಿಚ್ ಪರವಾದ ವಾದ ಎನಿಸಬಹುದು. ಇನ್ನೊಂದು ಮಗ್ಗುಲೂ ಇದೆ. ಅವರ ಕೋಚ್ ಸ್ವತಃ ಅವರ ತಂದೆ. ತಂಡದ ಆಟವೆಲ್ಲ ಅವರ ಸುತ್ತಲೇ ಸುತ್ತುತ್ತಿತ್ತು. ಪಂದ್ಯಕ್ಕೆ ಸುಮಾರು 38 ಬಾರಿ ಅವರು ಬುಟ್ಟಿಗೆ ಎಸೆಯುತ್ತಿದ್ದರು, ಅದರಲ್ಲಿ ಒಳಗೆ ಬಿದ್ದದ್ದು ಶೇಕಡ 44ರಷ್ಟು. ಅವಕಾಶ ಹೆಚ್ಚಾದಷ್ಟೂ ಪಾಯಿಂಟ್ ಹೆಚ್ಚು.

ಪಟ್ಟಿಯಲ್ಲಿ ಕಾಣದ ಇಬ್ಬರು

‘ಇತಿಹಾಸದಲ್ಲೇ’ ಎಂಬ ಮಾತು ಹೆಚ್ಚು ಅನ್ಯಾಯ ಮಾಡುವುದು ಇಲ್ಲಿ. ಎನ್‌ಸಿಎಎ ಎಂಬ ಸಂಸ್ಥೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಶುರು ಮಾಡಿದ್ದೇ 1981–82ರಲ್ಲಿ. ಅದಕ್ಕೂ ಮೊದಲು ಮಹಿಳೆಯರ ಕಾಲೇಜು ಕ್ರೀಡೆ ನಡೆಸುತ್ತಿದ್ದದ್ದು ಎಐಎಡಬ್ಲ್ಯೂ ಎಂಬ ಬೇರೆ ಸಂಸ್ಥೆ.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡಾರ್ಡ್ ಆ ಕಾಲದಲ್ಲಿ 3,649 ಪಾಯಿಂಟ್ ಗಳಿಸಿದ್ದರು. 3 ಪಾಯಿಂಟ್ ಗೆರೆ ಇಲ್ಲದೆ, ಗಂಡಸರು ಬಳಸುವ ದೊಡ್ಡ ಚೆಂಡಿನಲ್ಲಿ. ಮಹಿಳೆಯರಿಗೆ ಚಿಕ್ಕ ಚೆಂಡು ಬಂದದ್ದು 1984–85ರಲ್ಲಿ. ಪರ್ಲ್ ಮೂರ್ ಎಂಬವರು 1970ರ ದಶಕದಲ್ಲಿ ಸಣ್ಣ ಕಾಲೇಜುಗಳಲ್ಲಿ ಆಡಿ 4,061 ಪಾಯಿಂಟ್ ಗಳಿಸಿದ್ದರು. ಇದು ಕ್ಲಾರ್ಕ್ ಗಳಿಸಿದ್ದಕ್ಕಿಂತಲೂ ಹೆಚ್ಚು.

ಫೆಬ್ರುವರಿ 15, 2024ರಂದು ಕ್ಲಾರ್ಕ್ ‘ಮಹಿಳೆಯರ ದಾಖಲೆ’ ಮುರಿದರು ಎಂದು ಸುದ್ದಿಯಾಯಿತು. ಆಗ ಮುರಿದದ್ದು ಕೆಲ್ಸಿ ಪ್ಲಮ್ ಅವರ 3,527. ವುಡಾರ್ಡ್ ಅವರ 3,649 ಎನ್‌ಸಿಎಎ ಲೆಕ್ಕದಲ್ಲಿ ಇರಲೇ ಇಲ್ಲ. ಅದನ್ನು ಕ್ಲಾರ್ಕ್ ದಾಟಿದ್ದು ಫೆಬ್ರುವರಿ 28ರಂದು. ಆಡಿದ ಆಟ ನಿಜ, ಗಳಿಸಿದ ಪಾಯಿಂಟ್ ನಿಜ, ಆದರೆ ಪಟ್ಟಿ ಇಟ್ಟವರು ಬೇರೆಯಾದ್ದರಿಂದ ಹೆಸರು ಮರೆಯಾಯಿತು.

ಪುರುಷರಲ್ಲೂ ಹೀಗೆಯೇ. ಎನ್‌ಎಐಎ ಎಂಬ ಇನ್ನೊಂದು ಸಂಸ್ಥೆಯ ಅಡಿಯಲ್ಲಿ ಆಡಿದ ಜಾನ್ ಪಿಯರ್ಸ್ 1994ರ ವೇಳೆಗೆ 4,230 ಪಾಯಿಂಟ್ ಗಳಿಸಿದ್ದರು. ಹಾಗಾಗಿ ಕ್ಲಾರ್ಕ್ ಬಗ್ಗೆ ಸರಿಯಾದ ವಾಕ್ಯ ಇದು: ‘ಎನ್‌ಸಿಎಎಯ ಡಿವಿಷನ್ 1ರಲ್ಲಿ, ಪುರುಷರು ಮಹಿಳೆಯರು ಸೇರಿ, ಒಟ್ಟು ಪಾಯಿಂಟ್‌ನಲ್ಲಿ ಮೊದಲಿಗರು.’ ಇದೇನೂ ಸಣ್ಣ ಸಾಧನೆಯಲ್ಲ.

ಎದುರಾಳಿ ಯಾರು?

ಡಿವಿಷನ್ 1 ಅಂದರೆ ಅಲ್ಲಿನ ಅತಿ ಮೇಲಿನ ದರ್ಜೆ. ಅದೊಂದರಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಎಲ್ಲರೂ ಎಲ್ಲರ ವಿರುದ್ಧ ಆಡಲು ಸಾಧ್ಯವೇ ಇಲ್ಲ. ಬಲಿಷ್ಠ ತಂಡಗಳೆದುರು ಗಳಿಸಿದ 20 ಪಾಯಿಂಟ್‌ಗೂ ದುರ್ಬಲ ತಂಡಗಳೆದುರು ಗಳಿಸಿದ 20 ಪಾಯಿಂಟ್‌ಗೂ ಪಟ್ಟಿಯಲ್ಲಿ ಒಂದೇ ಬೆಲೆ.

1953ರಲ್ಲಿ ರಿಯೊ ಗ್ರ್ಯಾಂಡ್ ಕಾಲೇಜಿನ ಬೆವೊ ಫ್ರಾನ್ಸಿಸ್ ಒಂದೇ ಪಂದ್ಯದಲ್ಲಿ 116 ಪಾಯಿಂಟ್ ಗಳಿಸಿದರು. ಎದುರಾಳಿ ನಾಲ್ಕು ವರ್ಷದ ಪದವಿ ಕಾಲೇಜಲ್ಲ, ಜೂನಿಯರ್ ಕಾಲೇಜು ಎಂಬ ಕಾರಣಕ್ಕೆ ಅದನ್ನು ದಾಖಲೆಯಿಂದ ತೆಗೆದರು. ಮರುವರ್ಷ ಅವರು ಹಿಲ್ಸ್‌ಡೇಲ್ ವಿರುದ್ಧ 113 ಗಳಿಸಿದರು. ಅದು ಉಳಿಯಿತು.

2012ರಲ್ಲಿ ಡಿವಿಷನ್ 3ರ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಗಳಿಸಿದ ಸುದ್ದಿಯೂ ಆಗಾಗ ಓಡಾಡುತ್ತದೆ. ಅದು ನಿಜ. ಆದರೆ ಅದಕ್ಕಾಗಿ ಅವರು 108 ಬಾರಿ ಎಸೆದಿದ್ದರು. ಆ ತಂಡದ ಶೈಲಿಯೇ ಅತಿ ವೇಗದ್ದು. ಅದೇ ಪಂದ್ಯದಲ್ಲಿ ಎದುರಾಳಿ ತಂಡದ ಒಬ್ಬ ಆಟಗಾರನೂ 70 ಪಾಯಿಂಟ್ ಗಳಿಸಿದ್ದ!

ವೇಗದ ಲೆಕ್ಕ ಹೀಗೆ ಮಾಡಿ ನೋಡಿ. ಒಂದು ತಂಡದ ಕೈಗೆ ಪಂದ್ಯದಲ್ಲಿ 60 ಬಾರಿ ಚೆಂಡು ಸಿಗುತ್ತದೆ, ಅದರ ಆಟಗಾರ 18 ಪಾಯಿಂಟ್ ಗಳಿಸುತ್ತಾನೆ ಎಂದುಕೊಳ್ಳಿ. ಇನ್ನೊಂದು ತಂಡಕ್ಕೆ 80 ಬಾರಿ ಸಿಗುತ್ತದೆ, ಅದರ ಆಟಗಾರ 20 ಗಳಿಸುತ್ತಾನೆ. ಪಟ್ಟಿಯಲ್ಲಿ ಎರಡನೆಯವನೇ ಮೇಲೆ. ಆದರೆ 100 ಅವಕಾಶಕ್ಕೆ ಲೆಕ್ಕ ಹಾಕಿದರೆ ಮೊದಲಿನವನಿಗೆ 30, ಎರಡನೆಯವನಿಗೆ 25.

ಕನಿಷ್ಠ ಅರ್ಹತೆ ಏಕೆ ಬೇಕು?

1953ರ ಇಂಗ್ಲೆಂಡ್ ಪ್ರವಾಸದಲ್ಲಿ ಆಸ್ಟ್ರೇಲಿಯಾದ ಬೌಲರ್ ಬಿಲ್ ಜಾನ್‌ಸ್ಟನ್ ಅವರ ಬ್ಯಾಟಿಂಗ್ ಸರಾಸರಿ 102. ಕಾರಣ, 17 ಇನಿಂಗ್ಸ್‌ಗಳಲ್ಲಿ ಒಮ್ಮೆ ಮಾತ್ರ ಔಟಾಗಿದ್ದರು! ಹಾಗಂತ ಅವರನ್ನು ತಂಡದ ಶ್ರೇಷ್ಠ ಬ್ಯಾಟರ್ ಎನ್ನಲಾದೀತೇ?

ಇಂಥ ಎಡವಟ್ಟು ತಪ್ಪಿಸಲು ಎನ್‌ಸಿಎಎ ರ‍್ಯಾಂಕಿಂಗ್‌ಗೆ ಷರತ್ತುಗಳಿವೆ. ತಂಡದ ಪಂದ್ಯಗಳಲ್ಲಿ ಕನಿಷ್ಠ ಶೇಕಡ 75ರಷ್ಟಾದರೂ ಆಡಿರಬೇಕು. ಪುರುಷರಲ್ಲಿ ಗುರಿಯ ಶೇಕಡಾವಾರು ಪಟ್ಟಿಗೆ ಸೇರಲು ಪಂದ್ಯಕ್ಕೆ ಸರಾಸರಿ 5 ಬುಟ್ಟಿಯಾದರೂ ಹಾಕಿರಬೇಕು. ಇಲ್ಲದಿದ್ದರೆ ಇಡೀ ವರ್ಷದಲ್ಲಿ ಒಮ್ಮೆ ಎಸೆದು ಒಮ್ಮೆ ಹಾಕಿದವನು ಶೇಕಡ 100 ಎಂದು ಮೊದಲ ಸ್ಥಾನದಲ್ಲಿ ಕೂರುತ್ತಿದ್ದ.

ಫಾರ್ವರ್ಡ್ ಮಾಡುವ ಮುನ್ನ

‘ನಂಬರ್ 1’ ಎಂಬ ಪೋಸ್ಟರ್ ಕಂಡರೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಒಟ್ಟು ಲೆಕ್ಕವೋ, ಸರಾಸರಿಯೋ?
2. ಎಷ್ಟು ಪಂದ್ಯ, ಎಷ್ಟು ಅವಕಾಶ?
3. ಯಾವ ಕಾಲದ ನಿಯಮ, ಎಂಥ ಎದುರಾಳಿ?
4. ಪಟ್ಟಿ ಯಾರದ್ದು, ಅದರಿಂದ ಹೊರಗೆ ಉಳಿದವರು ಯಾರು?

ನಮ್ಮ ತೀರ್ಮಾನ: ಕ್ಲಾರ್ಕ್ ಕುರಿತ ಪೋಸ್ಟರ್ ಭಾಗಶಃ ನಿಜ. ‘ಇತಿಹಾಸದಲ್ಲೇ’ ಎಂಬಲ್ಲಿ ‘ಎನ್‌ಸಿಎಎ ಡಿವಿಷನ್ 1ರಲ್ಲಿ’ ಎಂದು ಬದಲಿಸಿದರೆ ಪೂರ್ತಿ ನಿಜ. ಹಾಗೆ ಬದಲಿಸಿ ಕಳಿಸಿ. ಜೊತೆಗೆ ಲಿನೆಟ್ ವುಡಾರ್ಡ್, ಪರ್ಲ್ ಮೂರ್ ಅವರ ಹೆಸರನ್ನೂ ಸೇರಿಸಿ.