ಹಳೆಯ ಬಡಾವಣೆಯ ಹೊಸ ಫ್ಲ್ಯಾಟು

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹಳೆಯ ಒಂಟಿ ಮನೆ ಕೆಡವಿ ಅದೇ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸುವುದು ಈಗ ಮಾಮೂಲು. ಸೈಟಿನ ಮಾಲೀಕರೂ ಬಿಲ್ಡರೂ ಫ್ಲ್ಯಾಟುಗಳನ್ನು ಹಂಚಿಕೊಳ್ಳುತ್ತಾರೆ. ಮಾಲೀಕರ ಪಾಲಿಗೆ ಬಂದವುಗಳಲ್ಲಿ ಒಂದೆರಡು ಬಾಡಿಗೆಗೆ ಸಿಗುತ್ತವೆ. ಇಲ್ಲಿ ಬೀದಿ ನೂರು ವರ್ಷ ಬಾಳಿ ತೋರಿಸಿದ್ದು. ಮನೆಯಲ್ಲಿ ಮಾತ್ರ ಇನ್ನೂ ಯಾರೂ ಒಂದು ಮಳೆಗಾಲ ಕಳೆದಿಲ್ಲ. ಬಾಡಿಗೆದಾರರು ಎಚ್ಚರದಿಂದ ನೋಡಬೇಕಾದದ್ದು ಈ ಎರಡನೆಯದನ್ನು.

ಬೀದಿಯ ಗುಣ ಹುಟ್ಟಿನಿಂದ ಬಂದದ್ದು. 1898ರಲ್ಲಿ ಊರಿಗೆ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ನೆಲೆಸಿದ ಬಡಾವಣೆಗಳಿವು. ಆಗ ಮೋಟಾರು ಗಾಡಿಗಳ ಲೆಕ್ಕಾಚಾರವಿರಲಿಲ್ಲ. ಕ್ರಾಸ್ ರಸ್ತೆಗಳು ಹತ್ತಿರ ಹತ್ತಿರ ಬಂದವು, ದೇವಸ್ಥಾನ, ಮಾರುಕಟ್ಟೆ, ಶಾಲೆಗಳು ನಡಿಗೆಯ ದೂರದಲ್ಲೇ ಉಳಿದವು. ಮಲ್ಲೇಶ್ವರದ 8ನೇ ಕ್ರಾಸಿನ ಹೂವು ಹಣ್ಣು, ಸಂಪಿಗೆ ರಸ್ತೆಯ ಅಂಗಡಿಗಳು, ಕಾಡು ಮಲ್ಲೇಶ್ವರ ದೇವಸ್ಥಾನ ಇವೆಲ್ಲಕ್ಕೂ ಚೀಲ ಹಿಡಿದು ನಡೆದೇ ಹೋಗಬಹುದು. ಬಸವನಗುಡಿಯವರಿಗೆ ಗಾಂಧಿ ಬಜಾರಿದೆ. ನಮ್ಮ ಮೆಟ್ರೋದ ಹಸಿರು ಮಾರ್ಗದ ನಿಲ್ದಾಣಗಳು ಎರಡೂ ಬಡಾವಣೆಗಳ ಅಂಚಿನಲ್ಲಿವೆ. ವಯಸ್ಸಾದವರಿಗೂ ಮಕ್ಕಳಿಗೂ ಇದರಿಂದ ಸಿಗುವ ಸ್ವಾತಂತ್ರ್ಯ ದೊಡ್ಡದು. ಔಷಧಿಗೋ ಹಾಲಿಗೋ ಇನ್ನೊಬ್ಬರ ಬಿಡುವಿಗೆ ಕಾಯಬೇಕಿಲ್ಲ. ಆದರೂ ಫುಟ್‌ಪಾತು ಎಲ್ಲ ಕಡೆ ಒಂದೇ ತೆರನಾಗಿಲ್ಲ. ಕಲ್ಲು ಚಪ್ಪಡಿ ಕುಸಿದಿರಬಹುದು, ಟ್ರಾನ್ಸ್‌ಫಾರ್ಮರ್ ದಾರಿಗೆ ಅಡ್ಡ ನಿಂತಿರಬಹುದು. ಮನೆಯಿಂದ ಅಂಗಡಿಗೂ ನಿಲ್ದಾಣಕ್ಕೂ ಸಂಜೆಯ ಹೊತ್ತಿನಲ್ಲಿ ಒಮ್ಮೆ ನಡೆದು ನೋಡುವುದೇ ಸರಿಯಾದ ಪರೀಕ್ಷೆ.

ಹೊಸ ಕಟ್ಟಡದಲ್ಲಿ ಮೊದಲು ಕೇಳಬೇಕಾದ್ದು ಓಸಿ, ಅಂದರೆ ಸ್ವಾಧೀನಾನುಭವ ಪತ್ರ. ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ ಅದು. ಕೊಳ್ಳುವವರಿಗಷ್ಟೇ ಇದರ ಚಿಂತೆ ಎಂಬ ಭಾವನೆ ತಪ್ಪು. ಈ ಪತ್ರವಿಲ್ಲದೆ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಪತ್ರ ಬಾರದಿದ್ದರೆ ಕಟ್ಟುವಾಗ ಪಡೆದ ತಾತ್ಕಾಲಿಕ ವಿದ್ಯುತ್ತೇ ಮುಂದುವರಿಯಬಹುದು. ಅದರ ದರ ಗೃಹಬಳಕೆಯದಕ್ಕಿಂತ ಹೆಚ್ಚು, ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯೂ ಸಿಗದು. ಸ್ವಂತ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಹರು. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ಉಚಿತ ಮಿತಿ 200 ಯೂನಿಟ್ ಅಲ್ಲ. ರಾಜ್ಯದ ಸರಾಸರಿ 53 ಯೂನಿಟ್, ಜೊತೆಗೆ ಶೇ. 10.

ನೀರಿನದು ಇನ್ನೂ ಸೂಕ್ಷ್ಮ. ಕಾವೇರಿ ಸಂಪರ್ಕ ಬಂದಿದೆಯೇ, ಬೋರ್‌ವೆಲ್ಲೇ ಗತಿಯೇ, ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಯಾರ ತಲೆಗೆ? ಇದನ್ನು ಮಾಲೀಕರ ಬಾಯಿಮಾತಿಗಿಂತ ವಾಚ್‌ಮನ್ ಮತ್ತು ಪಕ್ಕದ ಮನೆಯವರಿಂದ ತಿಳಿಯುವುದು ಮೇಲು. ಹಿಂದೆ ಒಂದು ಕುಟುಂಬ ಬಳಸುತ್ತಿದ್ದ ಸೈಟಿನಲ್ಲಿ ಈಗ ಎಂಟು ಹತ್ತು ಕುಟುಂಬಗಳಿರುತ್ತವೆ. ಒಳಚರಂಡಿ ಅದೇ ಹಳೆಯದಾಗಿದ್ದರೆ ಕಟ್ಟಿಕೊಂಡಾಗ ಮೊದಲು ಪಾಡುಪಡುವವರು ನೆಲಮಹಡಿಯವರು.

ಮನೆಯೊಳಗೆ ಹೊಸ ಬಣ್ಣಕ್ಕೆ ಮರುಳಾಗದೆ ನೋಡಬೇಕು. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದರೆ ಇಳಿಜಾರು ಸರಿಯಿದೆಯೇ ಎಂಬುದು ತಕ್ಷಣ ಗೊತ್ತಾಗುತ್ತದೆ. ತೊಲೆಯೂ ಗೋಡೆಯೂ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಹೊಸ ಕಟ್ಟಡಗಳಲ್ಲಿ ಸಾಮಾನ್ಯ. ಬಚ್ಚಲ ಹಿಂದಿನ ಗೋಡೆ ಜಿನುಗುತ್ತಿದ್ದರೆ ಅದು ಬೇರೆ ಮಾತು, ಅಂಥ ಮನೆಯನ್ನು ದುರಸ್ತಿಯಾಗುವ ತನಕ ಒಪ್ಪಬಾರದು. ಗಾರೆ ಪೂರ್ತಿ ಒಣಗಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಮೊದಮೊದಲು ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು ಕಿಟಕಿ ತೆರೆದಿಟ್ಟರೆ ಬೂಷ್ಟು ಕಟ್ಟದು. ಎಷ್ಟು ಫ್ಲ್ಯಾಟುಗಳಲ್ಲಿ ಮರದ ಕೆಲಸ ಬಾಕಿಯಿದೆ ಎಂದೂ ಕೇಳಬೇಕು. ಮನೆಯಿಂದಲೇ ಕೆಲಸ ಮಾಡುವವರಿಗೆ ಪಕ್ಕದ ಡ್ರಿಲ್ಲಿಂಗ್ ಸದ್ದು ತಿಂಗಳುಗಟ್ಟಲೆ ಕಾಡುತ್ತದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ವ್ಯಾಪ್ತಿಯ ಕಟ್ಟಡವಾದರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ನಿರ್ಮಾಣ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಹಾಗಾಗಿ ಸೋರಿಕೆ ಕಂಡ ಕೂಡಲೇ ಬಾಡಿಗೆದಾರರು ಮಾಲೀಕರಿಗೆ ಬರಹದಲ್ಲಿ ತಿಳಿಸುವುದು ಇಬ್ಬರಿಗೂ ಒಳ್ಳೆಯದು.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ. 2021ರಲ್ಲಿ ಕೇಂದ್ರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕುತ್ತದೆ, ಆದರೆ ಅದು ರಾಜ್ಯಗಳು ಕಾನೂನು ಮಾಡಿಕೊಂಡರಷ್ಟೇ ಜಾರಿಗೆ ಬರುವ ಮಾದರಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಬಾಡಿಗೆದಾರರಿಗೆ ಕರಾರು ಪತ್ರವೇ ಮುಖ್ಯ ಆಸರೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದಲೇ 11 ತಿಂಗಳ ಕರಾರು ಚಾಲ್ತಿಗೆ ಬಂದದ್ದು. ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೇ, ವರ್ಷಕ್ಕೆ ಎಷ್ಟು ಏರಿಕೆ, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು ಎಂಬುದೆಲ್ಲ ಅದರಲ್ಲಿರಲಿ. ಗೋಡೆ, ಟೈಲ್ಸ್, ನಲ್ಲಿಗಳ ಸ್ಥಿತಿಯನ್ನು ಫೋಟೋ ತೆಗೆದು, ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿಕೊಳ್ಳಿ. ಬೀಗದ ಕೈ ಪಡೆಯುವ ದಿನವೇ ಈ ಕೆಲಸ ಮುಗಿಯಲಿ.