ಧ್ವನಿ ಗೇಟ್‌ವೇಯ ಐಪಿ ಇಂಟರ್‌ಫೇಸುಗಳು: ವಿಭಜನೆಯ ಹಿನ್ನೆಲೆ ಮತ್ತು ಕ್ರಮ

ಹಳೆಯ ದೂರವಾಣಿ ವ್ಯವಸ್ಥೆಯನ್ನೂ ಗಣಕಯಂತ್ರಗಳ ಐಪಿ ಜಾಲವನ್ನೂ ಬೆಸೆಯುವ ಯಂತ್ರಕ್ಕೆ ಧ್ವನಿ ಗೇಟ್‌ವೇ ಎಂದು ಹೆಸರು. ಅದರ ಒಂದು ಪಾರ್ಶ್ವಕ್ಕೆ ದೂರವಾಣಿ ಕಂಪನಿಯ ತಂತಿ ಬಂದು ಸೇರುತ್ತದೆ; ಇನ್ನೊಂದು ಪಾರ್ಶ್ವದಿಂದ ಎಥರ್ನೆಟ್ ತಂತಿ ಹೊರಡುತ್ತದೆ. ಇಂತಹ ಯಂತ್ರದ ವಿಚಾರಕ್ಕೆ ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಏನು ಸ್ಥಾನ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಯಂತ್ರವನ್ನು ಅಣಿಗೊಳಿಸುವವನು ಮೊದಲು ತುಂಬಬೇಕಾದ ಒಂದು ಪುಟ್ಟ ಕೋಷ್ಟಕವಿದೆ. ನೋಡಲು ಅದು ಕೆಲವೇ ಸಾಲುಗಳ ಅಂಕಿಗಳ ಪಟ್ಟಿ. ಆದರೆ ಅದರ ಸಾಲುಗಳನ್ನು ಹೀಗೆಯೇ ವಿಂಗಡಿಸಬೇಕೆಂಬ ನಿಯಮ ಹುಟ್ಟಿದ್ದು ಹಲವು ದಶಕಗಳ ವಾದ, ವಂಚನೆ, ತಿದ್ದುಪಡಿಗಳಿಂದ. ಆ ಕಾರಣಗಳನ್ನು ತಿಳಿಯದೆ ಕೋಷ್ಟಕವನ್ನು ತುಂಬುವವರೇ ಹೆಚ್ಚು. ಅದರ ಫಲವಾಗಿ ಸಂಸ್ಥೆಗಳ ದೂರವಾಣಿ ಕೆಡುವುದೂ ಉಂಟು, ಹಣ ಸೋರುವುದೂ ಉಂಟು.

ದೂರವಾಣಿಯಲ್ಲಿ ಎರಡು ವಸ್ತುಗಳು ಸಾಗುತ್ತವೆ: ಒಂದು ಮಾತು, ಮತ್ತೊಂದು ಆ ಮಾತಿಗೆ ದಾರಿ ತೋರುವ ಆಜ್ಞೆ. ಸ್ಟ್ರೋಜರ್ ಪದ್ಧತಿಯ ವಿನಿಮಯ ಕೇಂದ್ರಗಳಲ್ಲಿ (1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇವನ್ನು ತಯಾರಿಸುತ್ತಿತ್ತು) ಡಯಲು ತಿರುಗಿಸಿದಾಗ ಹುಟ್ಟುವ ಮಿಡಿತಗಳೂ, ತರುವಾಯ ಆಡುವ ಮಾತೂ ಒಂದೇ ಜೋಡಿ ತಂತಿಯಲ್ಲಿ ಸಾಗುತ್ತಿದ್ದವು. ಅಮೆರಿಕದ ದೂರಪ್ರಯಾಣದ ತಂತಿಗಳಲ್ಲಿಯೂ ಇದೇ ಪದ್ಧತಿ. ಅಲ್ಲಿ ತಂತಿ ಬಿಡುವಾಗಿದೆ ಎಂಬುದನ್ನು 2600 ಹರ್ಟ್ಸ್‌ನ ಒಂದು ಸ್ವರ ಸೂಚಿಸುತ್ತಿತ್ತು. ಆಜ್ಞೆಯ ಸ್ವರಗಳ ವಿವರಗಳು 1960ರ ನವೆಂಬರಿನಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿಯೇ ಮುದ್ರಿತವಾದವು. ಮಾತಿನ ದಾರಿಯೇ ಆಜ್ಞೆಯ ದಾರಿಯೂ ಆಗಿದ್ದುದರಿಂದ, ಆ ಸ್ವರವನ್ನು ಬಾಯಿಂದಲೋ ಸಣ್ಣ ಪೆಟ್ಟಿಗೆಯಿಂದಲೋ ಹೊರಡಿಸಿದವನು ದೂರದ ಯಂತ್ರವನ್ನು ವಶಪಡಿಸಿಕೊಂಡು ಹಣ ತೆರದೆ ಮಾತಾಡಬಹುದಾಗಿತ್ತು. 1971ರ ಅಕ್ಟೋಬರಿನಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ರಾನ್ ರೋಸೆನ್‌ಬಾಮ್ ಬರೆದ ಲೇಖನದಿಂದ ಈ ವಿದ್ಯೆ ಲೋಕಪ್ರಸಿದ್ಧವಾಯಿತು. 1976ರಿಂದ ಅಮೆರಿಕದಲ್ಲಿ ಆಜ್ಞೆಗಳಿಗೆ ಪ್ರತ್ಯೇಕ ಜಾಲವೊಂದು ಬಳಕೆಗೆ ಬಂದಿತು. ಕರೆಗಳನ್ನು ಬೇಗ ಜೋಡಿಸುವುದೂ ಅದರ ಒಂದು ಉದ್ದೇಶವಾಗಿತ್ತು. ಆದರೆ ಸ್ವರದ ವಂಚನೆಗೆ ನಿಜವಾದ ಕೊನೆ ಕಂಡದ್ದು ಈ ಬೇರ್ಪಡೆಯಿಂದಲೇ. ಯೂರೋಪಿನ ಇ-1 ತಂತಿಯ 32 ಕಾಲಖಂಡಗಳಲ್ಲಿಯೂ 30 ಮಾತಿಗೆ, ಒಂದು ಮೇಳೈಸುವಿಕೆಗೆ, ಹದಿನಾರನೆಯದು ಆಜ್ಞೆಗೆ ಎಂದು ವಿಂಗಡಣೆಯಿದೆ. ನಮ್ಮ ದೇಶವೂ ಈ ಇ-1 ಪದ್ಧತಿಯನ್ನೇ ಅನುಸರಿಸಿತು.

ಐಪಿಯ ಜನ್ಮದಲ್ಲಿಯೂ ಧ್ವನಿಯ ಪಾತ್ರವಿದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಡ್ಯಾನಿ ಕೋಹೆನ್ ಮೊದಲಾದವರು 1973-74ರ ಸುಮಾರಿಗೆ ಅರ್ಪಾನೆಟ್ ಜಾಲದ ಮೇಲೆ ಮಾತನ್ನು ಪೊಟ್ಟಣಗಳಾಗಿ ಕಳುಹಿಸುವ ಪ್ರಯೋಗ ನಡೆಸಿದರು. ಕಳೆದುಹೋದ ಪೊಟ್ಟಣವನ್ನು ಮತ್ತೆ ತರಿಸಿಕೊಳ್ಳುವ ಟಿಸಿಪಿಯ ಶಿಸ್ತು ಮಾತಿಗೆ ಹೊಂದುವುದಿಲ್ಲ. ತಡವಾಗಿ ಬಂದ ಅಕ್ಷರ ಕೇಳುವವನಿಗೆ ನಿರುಪಯುಕ್ತ. ಹೀಗಿರಲು, ಬರಿಯ ಸಾಗಣೆಯನ್ನು ಮಾಡುವ ಐಪಿಯನ್ನು ಟಿಸಿಪಿಯಿಂದ ಬೇರ್ಪಡಿಸಬೇಕೆಂಬ ವಾದಕ್ಕೆ 1978ರಲ್ಲಿ ಜಯ ದೊರೆಯಿತು. 1980ರಲ್ಲಿ ಯುಡಿಪಿ ನಿರೂಪಿತವಾಯಿತು. ಇಂದು ಗೇಟ್‌ವೇಯಿಂದ ಹೊರಡುವ ಧ್ವನಿಯೆಲ್ಲ ಸಾಮಾನ್ಯವಾಗಿ ಆರ್‌ಟಿಪಿಯ ರೂಪದಲ್ಲಿ ಯುಡಿಪಿಯ ಮೇಲೆಯೇ ಸಾಗುತ್ತದೆ.

ಆದರೆ ಐಪಿಗೆ ಬಂದಾಗ ಒಂದು ವಿಪರ್ಯಾಸ ಒದಗಿತು. ಕಷ್ಟಪಟ್ಟು ಬೇರ್ಪಡಿಸಿದ್ದ ಮಾತು ಮತ್ತು ಆಜ್ಞೆಗಳು ಮತ್ತೆ ಒಂದೇ ಎಥರ್ನೆಟ್ ತಂತಿಯಲ್ಲಿ ಕೂಡಿದವು. ಸಾಲದೆಂಬಂತೆ, ಯಂತ್ರವನ್ನು ಆಳುವ ಮೇಲ್ವಿಚಾರಕನ ಸಂಪರ್ಕವೂ ಅದೇ ತಂತಿಗೆ ಬಂದಿತು. ತಂತಿಯು ಮಾಡುತ್ತಿದ್ದ ವಿಭಜನೆಯನ್ನು ಈಗ ಬರವಣಿಗೆಯಿಂದ ಮಾಡಬೇಕು. ಇಂಟರ್‌ಫೇಸ್ ಕೋಷ್ಟಕದ ಪ್ರಯೋಜನ ಇದೇ. ಆಡಿಯೋಕೋಡ್ಸ್ ಕಂಪನಿಯ ಮೀಡಿಯಂಟ್ ಯಂತ್ರಗಳಲ್ಲಿ ಪ್ರತಿಯೊಂದು ಸಾಲಿಗೂ ಅದರ ಕಾರ್ಯವನ್ನು ನಮೂದಿಸಬೇಕು: ಮೇಲ್ವಿಚಾರಣೆ, ಆಜ್ಞೆ, ಧ್ವನಿ. ಸಿಸ್ಕೊ ರೂಟರುಗಳಲ್ಲಿ ‘ಬೈಂಡ್ ಕಂಟ್ರೋಲ್’, ‘ಬೈಂಡ್ ಮೀಡಿಯಾ’ ಎಂಬ ಆದೇಶಗಳಿಂದ ಇಂತಹುದೇ ಕೆಲಸ ನಡೆಯುತ್ತದೆ. ಮೂರನ್ನೂ ಒಂದೇ ವಿಳಾಸಕ್ಕೆ ವಹಿಸಿದರೂ ಯಂತ್ರ ನಡೆಯುತ್ತದೆ ಎಂಬುದು ನಿಜ. ಸಣ್ಣ ಕಚೇರಿಗಳಲ್ಲಿ ಹಾಗೆ ಮಾಡುವುದೂ ಉಂಟು. ಆದರೆ ಆ ವಿಳಾಸವು ಹೊರಗಿನ ಜಾಲಕ್ಕೆ ತೆರೆದಿದ್ದರೆ, ಗುಪ್ತಪದವನ್ನು ಊಹಿಸಿದ ಅಪರಿಚಿತನು ರಾತ್ರಿಯೆಲ್ಲ ಪರದೇಶಗಳಿಗೆ ಕರೆಗಳನ್ನು ಹಾಯಿಸಬಲ್ಲ. ಬಿಲ್ಲು ಬರುವುದು ಸಂಸ್ಥೆಗೆ. 2600 ಹರ್ಟ್ಸ್‌ನ ಕಥೆಯೇ ವೇಷ ಬದಲಿಸಿಕೊಂಡು ಬಂದಂತೆ ಇದು. ಆದಕಾರಣ ಮೇಲ್ವಿಚಾರಣೆಯ ಸಾಲನ್ನಾದರೂ ಬೇರೆಯಾಗಿಡುವುದು ಅವಶ್ಯಕವೆಂದೇ ನಮ್ಮ ಅಭಿಪ್ರಾಯ.

ಇನ್ನು ಅಂಕಿಗಳ ವಿಷಯ. ಐಪಿ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್ಟುಗಳದು. ಅದರ ಪೂರ್ವಭಾಗ ಊರನ್ನೂ ಉತ್ತರಭಾಗ ಮನೆಯನ್ನೂ ಹೇಳುತ್ತದೆನ್ನಬಹುದು; ಪೂರ್ವಭಾಗ ಎಷ್ಟು ಬಿಟ್ಟು ಎಂಬುದನ್ನು ಕೋಷ್ಟಕದ ಮುಂದಿನ ಅಂಕಣ ತಿಳಿಸುತ್ತದೆ. ಮೇಲ್ವಿಚಾರಣೆಗೆ 10.20.10.5, ಆಜ್ಞೆಗೆ 10.20.20.5, ಧ್ವನಿಗೆ 10.20.30.5 ಎಂದು ಕೊಟ್ಟು, ಪೂರ್ವಭಾಗವನ್ನು 24 ಎಂದು ಬರೆದರೆ ಮೂರೂ ಬೇರೆ ಬೇರೆ ಊರುಗಳಾಗುತ್ತವೆ. ಕೈತಪ್ಪಿ 16 ಎಂದು ಬರೆದರೆ ಮೂರೂ 10.20 ಎಂಬ ಒಂದೇ ಊರಿನೊಳಕ್ಕೆ ಬೀಳುತ್ತವೆ. ಯಾವ ದ್ವಾರದಿಂದ ಉತ್ತರ ಕಳುಹಿಸಬೇಕೆಂಬುದು ಯಂತ್ರಕ್ಕೆ ನಿಶ್ಚಯವಾಗದು. ಒಳ್ಳೆಯ ಯಂತ್ರಗಳು ಇಂತಹ ಕೋಷ್ಟಕವನ್ನು ಒಪ್ಪುವುದೇ ಇಲ್ಲ. ಊರಿನ ಹೊರಕ್ಕೆ ಹೋಗಬೇಕಾದ ಪೊಟ್ಟಣವನ್ನು ಒಪ್ಪಿಸುವ ರೂಟರಿನ ವಿಳಾಸಕ್ಕೆ ‘ಡೀಫಾಲ್ಟ್ ಗೇಟ್‌ವೇ’ ಎನ್ನುತ್ತಾರೆ. (ಒಂದೇ ಶಬ್ದವನ್ನು ಎರಡು ಅರ್ಥಗಳಲ್ಲಿ ಬಳಸಿ ತಂತ್ರಜ್ಞರು ವಿದ್ಯಾರ್ಥಿಗಳಿಗೆ ಸುಮ್ಮನೆ ಕ್ಲೇಶ ಕೊಟ್ಟಿದ್ದಾರೆ.) ಈ ರೂಟರು ಇಂಟರ್‌ಫೇಸಿನ ಊರಿನಲ್ಲಿಯೇ ಇರಬೇಕು, 10.20.30.5ಕ್ಕೆ 10.20.20.1 ಎಂದು ಬರೆದರೆ ಅದು ತಲುಪಲಾಗದ ದಾರಿ. ಮೂರು ಸಾಲುಗಳೂ ಒಂದೇ ತಂತಿಯಲ್ಲಿ ಸಾಗಬೇಕಾದಾಗ ಪ್ರತಿಯೊಂದಕ್ಕೂ ವಿ-ಲ್ಯಾನ್ ಸಂಖ್ಯೆಯ ಮುದ್ರೆಯೊತ್ತುತ್ತಾರೆ. ಎದುರಿನ ಸ್ವಿಚ್ಚಿನಲ್ಲಿಯೂ ಅದೇ ಸಂಖ್ಯೆಗಳಿರಬೇಕು.

ಧ್ವನಿಯ ಸಾಲಿಗೆ ಬೇಕಾದ ಅವಕಾಶವನ್ನು ಲೆಕ್ಕಹಾಕಬಹುದು. ಜಿ.711 ಪದ್ಧತಿಯಲ್ಲಿ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್ಟುಗಳಲ್ಲಿ ಬರೆಯುವುದರಿಂದ 64,000 ಬಿಟ್ಟುಗಳಾಗುತ್ತವೆ. 1986ರಲ್ಲಿ ಕಿತ್ತೂರಿನಲ್ಲಿ ನೆಲೆಗೊಂಡ ಸಿ-ಡಾಟ್‌ನ ಗ್ರಾಮೀಣ ವಿನಿಮಯ ಕೇಂದ್ರದಲ್ಲಿಯೂ ಮಾತು ಹೀಗೆ ಅಂಕಿಗಳಾಗಿಯೇ ಸಾಗುತ್ತಿತ್ತು. ಐಪಿಯಲ್ಲಿ 20 ಮಿಲಿಸೆಕೆಂಡಿಗೊಂದು ಪೊಟ್ಟಣ ಕಟ್ಟಿದರೆ 160 ಆಕ್ಟೆಟ್ ಧ್ವನಿಗೆ 40 ಆಕ್ಟೆಟ್ ವಿಳಾಸಭಾರ ಸೇರಿ, ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 80,000 ಬಿಟ್ಟುಗಳು ಬೇಕು. 30 ಕರೆಗಳಿಗೆ 24 ಲಕ್ಷ. ಎಥರ್ನೆಟ್ಟಿನ ಹೊದಿಕೆ ಇದಕ್ಕೆ ಹೊರತು. ಧ್ವನಿಯ ಪೊಟ್ಟಣಗಳಿಗೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕುವುದು ರೂಢಿ. ದಾರಿಯ ರೂಟರುಗಳು ಅದನ್ನು ಮನ್ನಿಸುವಂತೆ ಏರ್ಪಡಿಸದಿದ್ದರೆ ಆ ಗುರುತಿನಿಂದ ಫಲವಿಲ್ಲ.

ಅತ್ಯಂತ ಹೆಚ್ಚಾಗಿ ಕೇಳಿಬರುವ ದೂರು ಇದು: ಗಂಟೆ ಬಾರಿಸುತ್ತದೆ, ಕರೆ ಎತ್ತುತ್ತಾರೆ, ಆದರೆ ಒಬ್ಬರ ಮಾತು ಮಾತ್ರ ಕೇಳಿಸುತ್ತದೆ. ಆಜ್ಞೆ ಮತ್ತು ಮಾತುಗಳ ದಾರಿಗಳು ಬೇರೆಯೆಂಬುದನ್ನು ಅರಿತವರಿಗೆ ಇದು ಒಗಟಲ್ಲ. ಸಿಪ್ ಎಂಬ ಆಜ್ಞಾಭಾಷೆಯಲ್ಲಿ ಕರೆ ಹೂಡುವಾಗ, ‘ನಿಮ್ಮ ಧ್ವನಿಯನ್ನು ಈ ವಿಳಾಸಕ್ಕೆ ಕಳುಹಿಸಿ’ ಎಂದು ಪತ್ರದ ಒಡಲಿನಲ್ಲಿ ಬರೆದಿರುತ್ತದೆ. ಅಲ್ಲಿ 10.20.30.5 ಎಂದಿದ್ದರೆ, ಆ ಬಗೆಯ ವಿಳಾಸಗಳು 1996ರ ನಿಯಮದಂತೆ ಖಾಸಗಿ ಉಪಯೋಗಕ್ಕೆ ಮೀಸಲಾದವು; ಹೊರಗಿನ ಇಂಟರ್ನೆಟ್ಟಿನಲ್ಲಿ ಅವಕ್ಕೆ ದಾರಿಯಿಲ್ಲ. ನಮ್ಮ ಧ್ವನಿ ಹೊರಗಿನವರಿಗೆ ಮುಟ್ಟುತ್ತದೆ, ಅವರದು ನಡುದಾರಿಯಲ್ಲಿ ನಷ್ಟವಾಗುತ್ತದೆ. ಆಸ್ಪತ್ರೆಯ ದೂರವಾಣಿಯಲ್ಲಿ ಹೀಗಾದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಪರಿಹಾರವೆಂದರೆ, ಹೊರಮುಖದ ಧ್ವನಿ ಇಂಟರ್‌ಫೇಸಿಗೆ ಸಾರ್ವಜನಿಕ ವಿಳಾಸ ಕೊಡುವುದು, ಇಲ್ಲವೆ ಪತ್ರದೊಳಗಿನ ವಿಳಾಸವನ್ನೂ ಬದಲಿಸುವಂತೆ ಗೇಟ್‌ವೇಗೆ ತಿಳಿಸುವುದು. ಯಾವುದನ್ನು ಮಾಡಿದರೂ ಹೊರಕ್ಕೆ ಕರೆಮಾಡಿ ಎರಡೂ ಕಡೆಯವರು ಮಾತಾಡಿ ನೋಡಬೇಕು. ಗಂಟೆ ಬಾರಿಸಿದ್ದು ಸಾಕ್ಷ್ಯವಾಗದು.

ಮೇಲ್ವಿಚಾರಣೆಯ ವಿಳಾಸವನ್ನು ದೂರದಿಂದ ಬದಲಿಸುವವನ ಸಂಪರ್ಕ ಆ ಕ್ಷಣವೇ ಕಡಿಯುತ್ತದೆ. ಆದ್ದರಿಂದ ಹಳೆಯ ವಿನ್ಯಾಸದ ಪ್ರತಿಯನ್ನು ಮೊದಲು ತೆಗೆದಿಟ್ಟುಕೊಂಡು, ಯಂತ್ರದ ಬಳಿ ಒಬ್ಬರನ್ನು ನಿಲ್ಲಿಸುವುದು ಲೇಸು. ಸಿಸ್ಕೊದಂತಹ ಯಂತ್ರಗಳಲ್ಲಿ ನಡೆಯುತ್ತಿರುವ ವಿನ್ಯಾಸ ಬೇರೆ, ಶಾಶ್ವತ ಸ್ಮೃತಿಯಲ್ಲಿರುವುದು ಬೇರೆ. ಉಳಿಸದೆ ಹೋದ ಬದಲಾವಣೆ ವಿದ್ಯುತ್ತು ಹೋಗಿಬಂದೊಡನೆ ಮಾಯವಾಗುತ್ತದೆ.

ಇತಿಹಾಸದ ಅಧ್ಯಾಪಕರಿಗೆ ಸಹಜವಾಗಿ ಆಸಕ್ತಿ ಹುಟ್ಟಿಸುವ ಒಂದು ಅಂಶ ಇನ್ನೂ ಉಳಿದಿದೆ. ಕರೆಗಳ ದಾಖಲೆಯೂ ಕಾಲಮಾನವನ್ನು ತಿಳಿಸುವ ಎನ್‌ಟಿಪಿ ಸೇವೆಯೂ ಸಾಮಾನ್ಯವಾಗಿ ಮೇಲ್ವಿಚಾರಣೆಯ ಇಂಟರ್‌ಫೇಸಿನ ಮೂಲಕವೇ ಸಾಗುತ್ತವೆ. ಅದರ ಡೀಫಾಲ್ಟ್ ಗೇಟ್‌ವೇ ತಪ್ಪಾಗಿದ್ದರೂ ಕರೆಗಳು ಸರಾಗವಾಗಿ ನಡೆಯುತ್ತವೆ. ಯಾರೂ ದೂರು ಹೇಳುವುದಿಲ್ಲ. ಆದರೆ ಗಡಿಯಾರವು ನಿಜವಾದ ಕಾಲವನ್ನು ಪಡೆಯದೆ ದಾಖಲೆಗಳಲ್ಲಿ ಸುಳ್ಳು ದಿನಾಂಕಗಳನ್ನು ಬರೆಯುತ್ತ ಹೋಗುತ್ತದೆ. ತಿಥಿಗೂ ವಾರಕ್ಕೂ ಹೊಂದದ ಶಾಸನವನ್ನು ಪರೀಕ್ಷಿಸಿ ಬಲ್ಲವರಿಗೆ ಅಂತಹ ದಾಖಲೆಯ ಬೆಲೆ ತಿಳಿದಿದೆ. ಹೊಸದಾಗಿ ಅಣಿಗೊಳಿಸಿದ ಗೇಟ್‌ವೇಯಲ್ಲಿ ಮೊದಲ ಕರೆ ಮಾಡಿದ ಕೂಡಲೆ ಕೈಗಡಿಯಾರವನ್ನು ನೋಡಿಕೊಂಡು, ಆ ಕರೆಯ ದಾಖಲೆಯಲ್ಲಿರುವ ಕಾಲದೊಡನೆ ಹೋಲಿಸಬೇಕು. ವ್ಯತ್ಯಾಸ ನಿಖರವಾಗಿ ಐದೂವರೆ ಗಂಟೆಯಾದರೆ ಎನ್‌ಟಿಪಿ ಸರಿಯಾಗಿದೆ, ಭಾರತೀಯ ಕಾಲವಲಯವನ್ನು ನಮೂದಿಸುವುದಷ್ಟೇ ಉಳಿದಿದೆ.